ಉಪವಾಸಕ್ಕೆ ಕೂತ ಮನಿ ಪ್ಲಾಂಟ್

ತರೀಕೆರೆಯ ನಜೀರ್ ಅಹಮದ್ ಸಾಹೇಬರು ಮೂವತ್ತೊಂದು ವರ್ಷ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಲಿಂಗದಹಳ್ಳಿಯಿಂದ ಕಡೂರಿನವರೆಗೆ ಅವರು ಸೂಜಿ ಚುಚ್ಚದ ಎಮ್ಮೆ ಇರಲಿಲ್ಲ, ಅವರನ್ನು ಒದೆಯದ ಹೋರಿಯೂ ಇರಲಿಲ್ಲ. ಅಜ್ಜಂಪುರದ ಕಡೆಯ ಅಮೃತಮಹಲ್ ಹೋರಿಯೊಂದು ಒದ್ದ ಗುರುತು ಎಡಗಾಲಿನ ಮೊಣಕಾಲ ಕೆಳಗೆ ಇನ್ನೂ ಇದೆ. ಯಾರಾದರೂ ಅವರ ವಿದ್ಯೆಯ ಬಗ್ಗೆ ಅನುಮಾನಪಟ್ಟರೆ ಪೈಜಾಮ ಎತ್ತಿ ಅದನ್ನೇ ತೋರಿಸುತ್ತಾರೆ. ನಿವೃತ್ತಿಯಾದ ಮೇಲೆ ದನಗಳು ದೂರವಾದವು, ರೋಗ ನೋಡುವ ಚಟ ಮಾತ್ರ ಬಿಡಲಿಲ್ಲ. ಹೆಂಡತಿ ಚಾಂದ್ ಬಿ ಮನೆಯೊಳಗೆ ಸಾಲಾಗಿ ಕುಂಡಗಳನ್ನು ಇಟ್ಟುಕೊಂಡಿದ್ದರು. ಒಂದು ದಿನ ಸಾಹೇಬರು ಅಭ್ಯಾಸಬಲದಿಂದ ಒಂದು ಗಿಡದ ಎಲೆ ಮಡಚಿ, ನಡುವೆ ಥರ್ಮಾಮೀಟರ್ ಇಟ್ಟುಕೊಂಡು ನಿಂತಿದ್ದನ್ನು ಪಕ್ಕದ ಮನೆಯವರು ಕಿಟಕಿಯಿಂದ ಕಂಡರು. ಊರಿಗೆ ಅಷ್ಟು ಸಾಕಾಯಿತು.

ಮೊದಲು ನಗಲಿಕ್ಕೆ ಬಂದರು. ಆಮೇಲೆ ಗಿಡ ತಂದರು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ನಿಜವೇ ಇರಬಹುದು, ಆದರೆ ಹಜಾರದ ಗಿಡಕ್ಕೆ ಮದ್ದು ಬೇಕೇ ಬೇಕು ಎಂದು ತರೀಕೆರೆಗೆ ಗೊತ್ತಾದದ್ದು ಆಗಲೇ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ನಮಾಜಿನವರೆಗೆ ಸಾಹೇಬರ ಜಗಲಿಯ ಬೆಂಚಿನ ಮೇಲೆ ಜನ ಮಡಿಲಲ್ಲಿ ಕುಂಡ ಇಟ್ಟುಕೊಂಡು ಸರದಿಗೆ ಕಾಯುತ್ತಿದ್ದರು. ಕಡೂರಿನ ಟೀಚರೊಬ್ಬರು ತಮ್ಮ ಗಿಡಕ್ಕೆ ಬಸ್ಸಿನಲ್ಲಿ ಕಿಟಕಿ ಸೀಟು ಕೊಟ್ಟು, ತಾವು ನಿಂತು ಬಂದಿದ್ದರು. ಸಾಹೇಬರು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಬಾಯಿಗೆ ಏನೇನು ಹಾಕಿದ್ರಿ, ಸತ್ಯ ಹೇಳಿ."

ಅವರ ಲೆಕ್ಕಾಚಾರ ಸರಳವಾಗಿತ್ತು. ಕೆಳಗಿನ ಹಳೆ ಎಲೆ ಹಳದಿಯಾದರೆ ಗಿಡಕ್ಕೆ ಹಸಿವು, ಅದು ಮುದುಕರ ಬಾಯಿಂದ ಕಿತ್ತು ಮಕ್ಕಳಿಗೆ ಕೊಡುತ್ತಿದೆ. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣ ಸೇರುತ್ತಿಲ್ಲ. ಅಂಚು ಸುಟ್ಟಂತಿದ್ದರೆ ಗೊಬ್ಬರದ ಉಪ್ಪು ಮಿತಿ ಮೀರಿದೆ. ಆದರೆ ಹತ್ತರಲ್ಲಿ ಎಂಟು ಗಿಡಗಳಿಗೆ ಅವರು ಬರೆಯುತ್ತಿದ್ದ ರೋಗ ಒಂದೇ, ಅಜೀರ್ಣ. "ಹಸಿದು ಸತ್ತ ಕುಂಡದ ಗಿಡ ನಾನು ನೋಡಿಲ್ಲ. ತಿಂದು ಸತ್ತವನ್ನ ಎಷ್ಟು ಬೇಕಾದ್ರೂ ತೋರಿಸ್ತೀನಿ," ಎನ್ನುತ್ತಿದ್ದರು. ನಮ್ಮ ಕಡೆಯವರ ಪ್ರೀತಿಯೇ ಹಾಗೆ, ಬಡಿಸಲಿಕ್ಕೆ ಬರುತ್ತದೆ, ಸಾಕು ಅನ್ನಲಿಕ್ಕೆ ಬರುವುದಿಲ್ಲ. ತೀರಾ ಕೆಟ್ಟ ಗಿಡಗಳನ್ನು ಒಳರೋಗಿಗಳಾಗಿ ಸೇರಿಸಿಕೊಂಡು, ನಡುಮನೆಯ ಕಿಟಕಿಯ ಬಳಿ ಸಾಲಾಗಿ ಇಟ್ಟು ಪಥ್ಯ ಮಾಡಿಸುತ್ತಿದ್ದರು.

ಎಲ್ಲವನ್ನೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ನೋಡಿದ್ದು, ಕೊಟ್ಟಿದ್ದು, ಆಗಿದ್ದು, ಹೀಗೆ ಮೂರು ಕಲಂ. ಆ ಪುಸ್ತಕದಲ್ಲಿ ಸುಳ್ಳಿಗೆ ಜಾಗವಿರಲಿಲ್ಲ. ನೌಕರಿಯಲ್ಲಿದ್ದಾಗಲೂ ಅಷ್ಟೇ. ಒಬ್ಬ ಯಜಮಾನ ಬದುಕಿದ್ದ ಎಮ್ಮೆಯನ್ನು ಸತ್ತಿದೆ ಎಂದು ಬರೆದುಕೊಡಿ, ವಿಮೆ ಬರುತ್ತದೆ ಎಂದು ಗಂಟುಬಿದ್ದಾಗ, ಸಾಹೇಬರು ಆ ಎಮ್ಮೆಯನ್ನೇ ಬಾಗಿಲಿಗೆ ತರಿಸಿ, "ಇದರ ಮುಖ ನೋಡ್ಕೊಂಡು ಇನ್ನೊಂದ್ಸಲ ಹೇಳಿ" ಅಂದಿದ್ದರು. ಯಜಮಾನ ಹೇಳಲಾರದೆ ಎಮ್ಮೆ ಹೊಡೆದುಕೊಂಡು ಹೋದ.

ಇಂಥ ಮನುಷ್ಯನ ಜಗಲಿಗೆ ಶ್ರಾವಣದ ಒಂದು ಬೆಳಿಗ್ಗೆ ಅಜ್ಜಂಪುರದ ಓಂಕಾರೇಶ್ ಬಂದ. ಗೊಬ್ಬರ ಮತ್ತು ಬೀಜದ ಅಂಗಡಿ ಇಟ್ಟುಕೊಂಡಿದ್ದ ಐವತ್ತರ ಆಸಾಮಿ. ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂರಿಸಿದ್ದ ಮಣ್ಣಿನ ಕುಂಡವೊಂದನ್ನು ಮಗುವಿನಂತೆ ಎತ್ತಿಕೊಂಡು ತಂದು ಮೇಜಿನ ಮೇಲಿಟ್ಟ. ಒಂಬತ್ತು ಎಲೆ ಉಳಿದಿದ್ದ ಮನಿ ಪ್ಲಾಂಟ್.

"ಡಾಕ್ಟ್ರೇ, ಇದನ್ನ ಹೆಂಗಾದ್ರೂ ಉಳಿಸ್ಕೊಡಿ. ಇದು ಹೋದ್ರೆ ನಮ್ಮವ್ವನೂ ಹೋಗ್ತಾಳೆ."

"ಡಾಕ್ಟ್ರಲ್ಲ, ಕಾಂಪೌಂಡರ್," ಎಂದು ತಿದ್ದಿ ಸಾಹೇಬರು ಕನ್ನಡಕ ಏರಿಸಿದರು. "ನಿಮ್ಮವ್ವನಿಗೂ ಇದಕ್ಕೂ ಏನು ಸಂಬಂಧ?"

ಸಂಬಂಧ ಹನ್ನೊಂದು ವರ್ಷದ್ದು. ಓಂಕಾರೇಶನ ತಾಯಿ ಕಲ್ಲಮ್ಮ ಹೊಟ್ಟೆಯ ಆಪರೇಷನ್ನಿಗೆಂದು ಶಿವಮೊಗ್ಗಕ್ಕೆ ಹೊರಟಾಗ, ಹೊಸ್ತಿಲ ಬಳಿ ನಿಂತು, ತಾನು ನೆಟ್ಟಿದ್ದ ಈ ಬಳ್ಳಿಯ ಕಡೆ ಕೈ ತೋರಿಸಿ, "ಇದು ಒಣಗಿದ ದಿನ ನಾನೂ ಹೊರಟೆ ಅಂತ ತಿಳ್ಕಳ್ರಿ" ಅಂದಿದ್ದಳಂತೆ. ಆಪರೇಷನ್ ಸುಖವಾಗಿ ಮುಗಿದು, ಆಕೆ ಮನೆಗೆ ಬಂದಳು, ಈಗ ಆಕೆಗೆ ಎಪ್ಪತ್ತೆಂಟು. ಆದರೆ ಮನೆಯವರು ಆ ಮಾತನ್ನು ಮರೆಯಲಿಲ್ಲ. ದಿನಾ ಬೆಳಿಗ್ಗೆ ಎದ್ದು ಮೊದಲು ಬಳ್ಳಿಯ ಮುಖ ನೋಡುತ್ತಾರೆ, ಆಮೇಲೆ ಅವ್ವನ ಮುಖ ನೋಡುತ್ತಾರೆ. ಯುಗಾದಿಯಾದ ಮೇಲೆ ಎರಡೂ ಬಿಳಿಚಿಕೊಳ್ಳುತ್ತಿವೆ.

"ಬಾಯಿಗೆ ಏನೇನು ಹಾಕಿದ್ರಿ?"

ಓಂಕಾರೇಶ ಮೊದಲು ಹೆಂಡತಿಯ ತಪ್ಪು ಹೇಳಿದ. ಕೋಮಲಾ ದಿನಾ ಮಜ್ಜಿಗೆ ಹುಯ್ಯುತ್ತಾಳೆ. ಮಗಳು ಕೃತಿಕಾ ಫೋನಿನಲ್ಲಿ ನೋಡಿಕೊಂಡು ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕುತ್ತಾಳೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಎಲ್ಲರದೂ ಗುಟ್ಟಿನ ಸೇವೆ. "ಮತ್ತೆ ನೀವು?" ಎಂದಾಗ ಓಂಕಾರೇಶ ದನಿ ತಗ್ಗಿಸಿದ. ಪ್ರತಿ ಸೋಮವಾರ ಅಂಗಡಿಯ ಗೊಬ್ಬರ ಒಂದು ಹಿಡಿ. ಕಬ್ಬಿಣ ಸಾಲದೇನೋ ಎಂದು ಕೆಮ್ಮಣ್ಣುಗುಂಡಿಗೆ ಹೋದಾಗ ಒಂದು ಚೀಲ ಕೆಂಪು ಮಣ್ಣನ್ನೂ ತಂದು ತುಂಬಿದ್ದ. ಸಾಹೇಬರು ಚಮಚದಿಂದ ಮಣ್ಣು ಕೆದಕಿದರು. ಏಳು ತುಕ್ಕು ಹಿಡಿದ ಮೊಳೆ ಬಂದವು. ಇನ್ನೂ ಕೆದಕಿದರೆ ಎತ್ತಿನ ಲಾಳ ಬಂತು.

"ಇದೊಂದನ್ನ ಯಾರು ಹಾಕಿದ್ರೋ ನಂಗೊತ್ತಿಲ್ಲ ಸಾರ್," ಎಂದ ಓಂಕಾರೇಶ. ನಿಜ ಹೇಳಬೇಕೆಂದರೆ ಆ ಮುಖದಲ್ಲಿ ಸುಳ್ಳು ಚೆನ್ನಾಗಿ ಕೂರುತ್ತಿರಲಿಲ್ಲ.

ಸಾಹೇಬರು ತುದಿಯ ಎಲೆಯನ್ನು ಬೆಳಕಿಗೆ ಹಿಡಿದರು. ಮೈಯೆಲ್ಲ ಹಳದಿ, ನರ ಮಾತ್ರ ಹಸಿರು. ಕಬ್ಬಿಣದ ಕೊರತೆ. ಕೆಮ್ಮಣ್ಣುಗುಂಡಿಯ ಮಣ್ಣಿನಲ್ಲಿ, ಮೊಳೆಗಳ ನಡುವೆ, ಲಾಳದ ಮೇಲೆ ಬೇರು ಬಿಟ್ಟು ಕೂತ ಗಿಡಕ್ಕೆ ಕಬ್ಬಿಣದ ಕೊರತೆ! ಅವರು ಕುಂಡದ ಅಂಚಿನ ಬಿಳಿ ಪಟ್ಟೆಯನ್ನು ಉಗುರಿನಿಂದ ಕೆರೆದು ನೋಡಿ ತಲೆಯಾಡಿಸಿದರು. "ಕೈಗೆ ಬಂದ ತುತ್ತು ಬಾಯಿಗೆ ಬರ್ತಿಲ್ಲ. ನಿಮ್ಮ ಬೋರ್‌ವೆಲ್ ನೀರಲ್ಲಿ ಸುಣ್ಣ ಜಾಸ್ತಿ. ಮಣ್ಣಿಗೆ ಸುಣ್ಣ ಹತ್ತಿದ್ರೆ ಕಬ್ಬಿಣ ಎಷ್ಟಿದ್ರೂ ಬೇರಿಗೆ ಸಿಗಲ್ಲ. ಅದರ ಮೇಲೆ ನಿಮ್ಮ ಗೊಬ್ಬರದ ಉಪ್ಪು ಬೇರೆ. ಇಪ್ಪತ್ತೊಂದು ದಿನ ಇಲ್ಲೇ ಇರ್ಲಿ. ಬರೀ ಮಳೆ ನೀರು, ಬೇರೆ ಏನೂ ಇಲ್ಲ. ಕಟ್ಟುನಿಟ್ಟು ಉಪವಾಸ."

ನೋಟ್‌ಬುಕ್ಕಿನಲ್ಲಿ 'ಒಳರೋಗಿ 7, ಕಲ್ಲಮ್ಮ, ಅಜ್ಜಂಪುರ' ಎಂದು ಬರೆದು, ಹೆಸರು ಬಳ್ಳಿಯದಲ್ಲ, ಒಡತಿಯದು ಎಂಬುದನ್ನು ಗಮನಿಸದೆ ಪುಸ್ತಕ ಮುಚ್ಚಿದರು.

ಮಾರನೆಯ ದಿನ ಹನ್ನೊಂದಕ್ಕೆ ಫೋನ್ ಬಂತು.

"ಏನಪ್ಪಾ, ನಾನು ಅಜ್ಜಂಪುರದ ಕಲ್ಲಮ್ಮ. ಇವತ್ತು ಅದು ಏನು ತಿಂತು?"

"ಏನೂ ಇಲ್ಲ ಅಮ್ಮ. ಬರೀ ನೀರು," ಎಂದರು ಸಾಹೇಬರು ಹೆಮ್ಮೆಯಿಂದ.

"ಹಂಗಾ. ಆಯ್ತು."

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ "ಆಯ್ತು." ಮೂರನೆಯ ದಿನ ಫೋನ್ ಮಾಡಿದ್ದು ಓಂಕಾರೇಶ. ಅವನ ದನಿ ಹೆದರಿ ಸಣ್ಣಗಾಗಿತ್ತು. ಅವ್ವ ಮೂರು ದಿನದಿಂದ ಅನ್ನ ಮುಟ್ಟಿಲ್ಲ. ಕೇಳಿದರೆ, ಅದು ಅಲ್ಲಿ ಉಪವಾಸ ಕೂತಿರೋವಾಗ ನಾನಿಲ್ಲಿ ಹೆಂಗೆ ಉಣ್ಣಲಿ ಅನ್ನುತ್ತಾಳೆ. ಅವಳ ಪಾಲಿನ ನೀರನ್ನೂ ಅಂಗಳದಲ್ಲಿ ಪಾತ್ರೆ ಇಟ್ಟು ಮಳೆಯಿಂದಲೇ ಹಿಡಿಸುತ್ತಿದ್ದಾಳೆ. ಇನ್ನು ಹದಿನೆಂಟು ದಿನ ಹೀಗೇ ಅಂತೆ.

ಸಾಹೇಬರು ಕುರ್ಚಿಯಲ್ಲಿ ಕೂತರು. ದನದ ಆಸ್ಪತ್ರೆಯಲ್ಲಿ ಇಂಥ ಕೇಸು ಬಂದಿರಲಿಲ್ಲ. ಬಳ್ಳಿಗೆ ಉಣಿಸಿದರೆ ಬಳ್ಳಿ ಸಾಯುತ್ತದೆ, ಬಳ್ಳಿ ಸತ್ತರೆ ಮುದುಕಿ ಹೊರಡುತ್ತಾಳೆ. ಬಳ್ಳಿಗೆ ಉಣಿಸದಿದ್ದರೆ ಮುದುಕಿಯೇ ಮೊದಲು ಹೊರಡುತ್ತಾಳೆ. ಒಂದೇ ಚೀಟಿಯಲ್ಲಿ ಇಬ್ಬರು ರೋಗಿಗಳು, ಒಬ್ಬರ ಮದ್ದು ಇನ್ನೊಬ್ಬರಿಗೆ ವಿಷ. ತಾವು ಬರೆದ ಪಥ್ಯದಿಂದ ಒಂದು ಜೀವ ಹೋದರೆ ಯಾವ ಕಲಂನಲ್ಲಿ ಬರೆಯುವುದು ಎಂದು ಪುಸ್ತಕ ತೆರೆದು ಮೂರೂ ಕಲಂ ನೋಡಿದರು.

"ತಿಂತು ಅಂತ ಹೇಳಿಬಿಡಿ," ಎಂದರು ಅಡುಗೆಮನೆಯಿಂದ ಚಾಂದ್ ಬಿ.

"ಸುಳ್ಳು ಹೇಳ್ಲಾ?"

"ಸುಳ್ಳು ಯಾಕೆ? ತಿಂದಿದೆಯಲ್ಲ. ಬಂದ ದಿನದಿಂದ ನಾನು ಅಕ್ಕಿ ತೊಳೆದ ನೀರು ಹಾಕ್ತಿದ್ದೀನಿ. ನೀವು ನಮಾಜಿಗೆ ಹೋದಾಗ."

ಸಾಹೇಬರು ಎದ್ದು ನಿಂತರು. ಸಿಟ್ಟು ಬಂದರೆ ಆ ಮನೆಯಲ್ಲಿ ಕನ್ನಡ ಹಿಂದೆ ಸರಿದು ದಖನಿ ಮುಂದೆ ಬರುತ್ತದೆ. ಅವರು ಪಥ್ಯ, ಶಿಸ್ತು, ಮೂವತ್ತೊಂದು ವರ್ಷ ಎಂದೆಲ್ಲ ಕೂಗಾಡಿದರು. ಹಿಂದೆ ಎರಡು ಮೂರು ಒಳರೋಗಿಗಳು ಯಾಕೆ ವಾಸಿಯಾಗದೆ ಹೋದವು ಎಂಬುದು ಅವರಿಗೆ ಆ ಕ್ಷಣ ಹೊಳೆದಿತ್ತು. ಚಾಂದ್ ಬಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು.

"ಘರ್ಕು ಆಯೆಸೊ ಮೆಹಮಾನ್ಕು ಭೂಕಾ ರಖ್ತೆ ಕ್ಯಾಜಿ?"

ಮನೆಗೆ ಬಂದ ಅತಿಥಿಯನ್ನು ಯಾರಾದರೂ ಹಸಿದಿರಲು ಬಿಡುತ್ತಾರೆಯೇ? ಸಾಹೇಬರು ಮತ್ತೆ ಕುರ್ಚಿಯಲ್ಲಿ ಕೂತರು. ಅದೂ ಅಲ್ಲದೆ ಆಕೆ ಕಲ್ಲಮ್ಮನ ಬಳ್ಳಿಗೆ ಬೇರೆ ಚೊಂಬನ್ನೇ ಇಟ್ಟಿದ್ದರು. ಮದುವೆ ಮುಂಜಿಗೆ ಕರೆದ ಲಿಂಗಾಯತ ಸ್ನೇಹಿತರಿಗಾಗಿ ಅಟ್ಟದ ಮೇಲೆ ಎತ್ತಿಟ್ಟ ಪಾತ್ರೆಗಳಿದ್ದವಲ್ಲ, ಮಾಂಸ ಮುಟ್ಟದವು, ಅವುಗಳಲ್ಲಿ ಒಂದನ್ನು ಇಳಿಸಿ ತೊಳೆದು, ಅದರಲ್ಲೇ ಆ ಬಳ್ಳಿಗೆ ಬಡಿಸುತ್ತಿದ್ದರು. ಗಿಡವಾದರೇನು, ಮಠಕ್ಕೆ ನಡೆದುಕೊಳ್ಳುವ ಮನೆತನದ್ದು ತಾನೇ?

ಅಷ್ಟರಲ್ಲಿ ಹನ್ನೊಂದಾಯಿತು. ಫೋನ್ ಬಂತು. ಚಾಂದ್ ಬಿಯೇ ಎತ್ತಿಕೊಂಡರು.

"ಅಮ್ಮಾ, ನಾನು ಡಾಕ್ಟ್ರ ಮನೆಯೋಳು, ಚಾಂದ್ ಬಿ. ತಿಂದಿದೆ ಕಣಮ್ಮ, ಅಕ್ಕಿ ತೊಳೆದ ನೀರು. ಬೇರೆ ಚೊಂಬಲ್ಲಿ ಕೊಟ್ಟೆ. ಹ್ಞೂಂ, ದಿನಾ ಕೊಟ್ಟಿದ್ದೀನಿ. ಇವರಿಗೆ ಗೊತ್ತಿರ್ಲಿಲ್ಲ."

ಆ ಕಡೆಯಿಂದ ಕಲ್ಲಮ್ಮ, "ನೋಡು ಚಾಂದಮ್ಮ, ಗಂಡಸ್ರಿಗೆ ಹೇಳದೆ ಮಾಡಿದ್ದೇ ಸರಿ. ಹಂಗಾದ್ರೆ ನಾನು ಒಂದ್ಲೋಟ ಗಂಜಿ ಕುಡೀತೀನಿ," ಅಂದಳು.

ಮುದುಕಿ ಗಂಜಿ ಕುಡಿದಳು. ಆದರೆ ಎಪ್ಪತ್ತೆಂಟರ ಹೆಂಗಸು ಅಕ್ಕಿ ತೊಳೆದ ನೀರಿನ ಲೆಕ್ಕದಲ್ಲಿ ಎಷ್ಟು ದಿನ ಬದುಕುತ್ತಾಳೆ? ಬಳ್ಳಿಗೆ ರೊಟ್ಟಿ ಪಲ್ಯ ಬಡಿಸಲಿಕ್ಕಾಗುತ್ತದೆಯೇ? ಸಾಹೇಬರು ತಲೆಗೆ ಕೈಹೊತ್ತು ಕೂತರೆ ಚಾಂದ್ ಬಿ ಅದಕ್ಕೂ ದಾರಿ ಕಂಡುಕೊಂಡರು. ಮಾರನೆಯ ದಿನ ಉಪ್ಪಿಟ್ಟಿನ ತಟ್ಟೆ ತಂದು ಬಳ್ಳಿಯ ಮುಂದೆ ಹಿಡಿದು, ಒಂದು ಗಳಿಗೆ ನಿಂತು, ತಟ್ಟೆಯನ್ನು ವಾಪಸು ತಂದು ತಾವು ತಿಂದರು.

"ಏನಿದು?" ಎಂದರು ಸಾಹೇಬರು.

"ಕಲ್ಲಮ್ಮನೋರ ಮನೇಲಿ ದೇವ್ರಿಗೆ ಎಡೆ ಹಿಡಿಯಲ್ವಾ, ಹಂಗೆ. ದೇವ್ರೇನು ತಟ್ಟೆ ಖಾಲಿ ಮಾಡ್ತಾನಾ? ಮುಂದೆ ಇಟ್ರೆ ಉಂಡ ಹಾಗೇ ಲೆಕ್ಕ."

ಕಲ್ಲಮ್ಮನನ್ನು ಕೇಳಿದರೆ ಆಕೆಯೂ ಒಪ್ಪಿದಳು. ಎಡೆ ಹಿಡಿದ ಮೇಲೆ ಊಟ ಆದಂತೆಯೇ, ಅದರಲ್ಲಿ ಎರಡು ಮಾತಿಲ್ಲ. ಹೀಗೆ ಅಕ್ಕಿ ತೊಳೆದ ನೀರು ನಿಂತಿತು, ಕುಂಡಕ್ಕೆ ಶುದ್ಧ ಮಳೆ ನೀರು, ಅಜ್ಜಂಪುರಕ್ಕೆ ಶುದ್ಧ ಉಪ್ಪಿಟ್ಟು. ಸಾಹೇಬರು ಪುಸ್ತಕದ 'ಕೊಟ್ಟಿದ್ದು' ಕಲಂನಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಯೋಚಿಸಿ, 'ಮಳೆ ನೀರು ಅರ್ಧ ಲೋಟ. ಉಪ್ಪಿಟ್ಟು (ತೋರಿಸಿದ್ದು)' ಎಂದು ಬರೆದರು. ಮುಂದಿನ ದಿನಗಳಲ್ಲಿ ಅದೇ ಕಲಂನಲ್ಲಿ ರಾಗಿಮುದ್ದೆ ಸೊಪ್ಪಿನ ಸಾರು ತೋರಿಸಿದ್ದು, ಒಬ್ಬಟ್ಟು ತೋರಿಸಿದ್ದು, ಅಕ್ಕಿರೊಟ್ಟಿ ಎರಡು ಸಲ ತೋರಿಸಿದ್ದು ಎಂದೆಲ್ಲ ಬಂತು. ಜಗಲಿಯಲ್ಲಿ ಕಾಯುತ್ತಿದ್ದ ಜನ ಇದನ್ನು ನೋಡಿ, ತಮ್ಮ ಗಿಡಕ್ಕೆ ಯಾಕೆ ತೋರಿಸುತ್ತಿಲ್ಲ ಎಂದು ತಕರಾರು ತೆಗೆದರು.

ಎಲ್ಲ ಸರಿಹೋದಂತಿತ್ತು, ಬಳ್ಳಿಯೊಂದು ಬಿಟ್ಟು. ಉಪ್ಪು ತೊಳೆದುಹೋಗಿ ಅಂಚಿನ ಸುಟ್ಟ ಗಾಯ ನಿಂತಿತು, ಹಳದಿ ನಿಲ್ಲಲಿಲ್ಲ. ಹದಿನೈದು ದಿನಕ್ಕೆ ಏಳು ಎಲೆ, ಹದಿನೆಂಟಕ್ಕೆ ಐದು. ಮಳೆ ನೀರಿನಲ್ಲಿ ಸುಣ್ಣವಿಲ್ಲ, ಮತ್ತೆ ಈ ಸುಣ್ಣ ಎಲ್ಲಿಂದ ಬರುತ್ತಿದೆ? ಸಾಹೇಬರಿಗೆ ಊಟ ಸೇರದಾಯಿತು. ಅವರಿಗೆ ಊಟ ಸೇರದಿರುವುದನ್ನು ನೋಡಿ ಚಾಂದ್ ಬಿ ಅವರ ಮುಂದೆಯೂ ತಟ್ಟೆ ತೋರಿಸಿ ಒಳಗೆ ಒಯ್ದರು. ಕಲ್ಲಮ್ಮ ಫೋನಿನಲ್ಲಿ ಎಲೆ ಎಷ್ಟಿವೆ ಎಂದು ಕೇಳಿದಾಗ ಸುಳ್ಳು ಹೇಳಲು ಬಾರದೆ, "ಐದು ಅಮ್ಮ" ಅಂದುಬಿಟ್ಟರು.

"ಹಂಗಾದ್ರೆ ನಾನೇ ಬತ್ತೀನಿ ಕಣಪ್ಪಾ. ಕಡೇ ಹೊತ್ತಿಗೆ ಹತ್ರ ಇರ್ಬೇಕು," ಎಂದಳು ಮುದುಕಿ, ಶಾಂತವಾಗಿ.

ಇಪ್ಪತ್ತನೆಯ ದಿನ ಓಂಕಾರೇಶ ಆಕೆಯನ್ನು ಕರೆತಂದ. ಸಣ್ಣ ದೇಹ, ಹಣೆ ತುಂಬ ವಿಭೂತಿ, ಸೊಂಟದಲ್ಲಿ ಸಂಚಿ. ಒಳಗೆ ಬಂದವಳೇ ಬಳ್ಳಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಆಕೆ ನೋಡುತ್ತಿದ್ದಂತೆಯೇ ಒಂದು ಎಲೆ ಕಳಚಿ ಬಿತ್ತು. ಓಂಕಾರೇಶ ಅಲ್ಲೇ ಅಳಲು ಶುರುಮಾಡಿದ. ಕಲ್ಲಮ್ಮ ಅವನ ಕಡೆ ತಿರುಗಿ, "ಲೇ, ಇನ್ನೂ ನಾಕೈತೆ. ಉಣ್ಣೋಕಾದ್ರೂ ಬಿಡೋ," ಎಂದು ಗದರಿದಳು. ಚಾಂದ್ ಬಿ ಅಟ್ಟದ ಪಾತ್ರೆಗಳಲ್ಲೇ ಅಡುಗೆ ಮಾಡಿದ್ದರು. ಮೊದಲು ಬಳ್ಳಿಗೆ ತೋರಿಸಿದರು, ಆಮೇಲೆ ಕಲ್ಲಮ್ಮನಿಗೆ ಬಡಿಸಿದರು. ಸಾಯಲು ಬಂದ ಮುದುಕಿ ಎರಡು ಸಲ ಅನ್ನ ಹಾಕಿಸಿಕೊಂಡಳು.

ಊಟವಾದ ಮೇಲೆ ಆಕೆ ಸಂಚಿಯಿಂದ ಒಂದು ಕೆಂಪು ಮಾತ್ರೆ ತೆಗೆದು ನುಂಗಿ, ಚಾಂದ್ ಬಿ ಕೊಟ್ಟ ಟೀ ಕುಡಿದಳು. ಬೆನ್ನಿಗೇ ವೀಳ್ಯದೆಲೆ ತೆಗೆದು, ಸೆರಗಿನಲ್ಲಿ ಒರೆಸಿ, ಡಬ್ಬಿಯಿಂದ ಬೆರಳಿನ ತುದಿಗೆ ಸುಣ್ಣ ತೆಗೆದುಕೊಂಡು ಎಲೆಗೆ ಸವರಿದಳು. ಎಲೆ ಮಡಚಿ ಬಾಯಿಗಿಟ್ಟುಕೊಂಡಳು. ಬೆರಳಲ್ಲಿ ಉಳಿದ ಸುಣ್ಣವನ್ನು, ನೋಡದೆಯೇ, ಪಕ್ಕಕ್ಕೆ ಕೈ ಚಾಚಿ ಕುಂಡದ ಅಂಚಿಗೆ ಒರೆಸಿದಳು.

"ಅಮ್ಮಾ! ಆ ಬೆರಳು!"

ಸಾಹೇಬರು ಕೂಗಿದ ಕೂಗಿಗೆ ಜಗಲಿಯಲ್ಲಿದ್ದವರೆಲ್ಲ ಕುಂಡಗಳ ಸಮೇತ ಒಳಗೆ ಬಂದರು. ಕಲ್ಲಮ್ಮ ಬೆರಳನ್ನು ಎತ್ತಿ ಹಿಡಿದು, ಅದರಲ್ಲಿ ಏನಿದೆ ಎಂದು ತಾನೂ ನೋಡಿದಳು.

"ದಿನಾ ಇಲ್ಲೇ ಒರೆಸ್ತೀರಾ?"

"ಇನ್ನೆಲ್ಲಿ ಒರೆಸ್ಲಿ? ಮೊದ್ಲು ಕಂಬಕ್ಕೆ ಒರೆಸ್ತಿದ್ದೆ. ಯುಗಾದೀಲಿ ನನ್ನ ಸೊಸೆ ಮನೆಗೆಲ್ಲ ಬಣ್ಣ ಹೊಡ್ಸಿ, ಅತ್ತೆ ಇನ್ಮೇಲೆ ಕಂಬ ಮುಟ್ಟಂಗಿಲ್ಲ ಅಂದ್ಲು. ನನ್ನ ಕುರ್ಚಿ ಪಕ್ಕ ಇದ್ದಿದ್ದು ಇದೊಂದೇ."

ದಿನಕ್ಕೆ ಎಷ್ಟು ಸಲ ಎಂದು ಕೇಳಿದರೆ, ಯಾರು ಎಣಿಸಿದ್ದಾರೆ ಎಂದಳು. ಸಾಹೇಬರು ಚಮಚದಿಂದ ಕುಂಡದ ಒಳ ಅಂಚು ಕೆರೆದರು. ನೀರಿನ ಸುಣ್ಣ ಎಂದು ತಾವು ಪುಸ್ತಕದಲ್ಲಿ ಬರೆದಿದ್ದ ಬಿಳಿ ಪಟ್ಟೆ ಹೆಕ್ಕಳೆ ಹೆಕ್ಕಳೆಯಾಗಿ ಉದುರಿತು. ಎಲ್ಲ ವೀಳ್ಯದೆಲೆಯ ಸುಣ್ಣ. ತಾವು ಮೇಲಿಂದ ಮಳೆ ನೀರು ಹುಯ್ದಾಗಲೆಲ್ಲ ಅದೇ ಕರಗಿ ಬೇರಿಗೆ ಇಳಿಯುತ್ತಿತ್ತು. ಇಪ್ಪತ್ತು ದಿನ ತಾವೇ ಕೈಯಾರೆ ಸುಣ್ಣದ ನೀರು ಕುಡಿಸಿದ್ದರು! ಅವರಿಗೆ ನಾಚಿಕೆಯಾಯಿತು, ಜೊತೆಗೆ ತಡೆಯಲಾಗದಷ್ಟು ಸಂತೋಷವೂ ಆಯಿತು.

ಆ ಸಂತೋಷದಲ್ಲಿ ಕೈ ತನ್ನ ಹಳೆ ಕೆಲಸ ಮಾಡಿತು. ಆಕಳಿಗೆ ಮಾಡುವಂತೆ, ಕೇಳದೆಯೇ, ಕಲ್ಲಮ್ಮನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ.

"ಅಮ್ಮಾ, ಈಗ ನುಂಗಿದ್ರಲ್ಲ, ಯಾವ ಮಾತ್ರೆ ಅದು?"

"ರಕ್ತದ ಮಾತ್ರೆ. ನಾಕು ತಿಂಗ್ಳಾತು. ಡಾಕ್ಟ್ರು ಎಷ್ಟು ಕೊಟ್ರೂ ರಕ್ತ ಏರ್ವಲ್ದು ಅಂತಾರೆ."

"ಅದು ಕಬ್ಬಿಣದ ಮಾತ್ರೆ. ಅದರ ಬೆನ್ನಿಗೇ ಟೀ, ಅದರ ಬೆನ್ನಿಗೇ ಸುಣ್ಣ. ಎರಡೂ ಕಬ್ಬಿಣಕ್ಕೆ ಅಡ್ಡ. ಅದಕ್ಕೂ ನೀವು ಕಬ್ಬಿಣ ಕೊಟ್ರಿ, ನಿಮ್ಗೂ ಕಬ್ಬಿಣ ಕೊಟ್ರು. ಇಬ್ರ ಬಾಗಿಲಲ್ಲೂ ಸುಣ್ಣ ನಿಂತ್ಕೊಂಡು ಒಳಗೆ ಬಿಡ್ತಿಲ್ಲ!" ಎಂದು ಹೇಳಿ, ತಾವು ಹೇಳಿದ್ದು ಕೇಳಿ ತಾವೇ ಬೆಚ್ಚಿದರು. ನಂತರ ತಗ್ಗಿದ ದನಿಯಲ್ಲಿ, "ನಾನು ದನದ ಕಾಂಪೌಂಡರ್. ನಿಮ್ಮ ಡಾಕ್ಟ್ರನ್ನೇ ಕೇಳಿ," ಎಂದು ಸೇರಿಸಿದರು.

ಓಂಕಾರೇಶ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದ. ಅವರೂ ಹೌದೆಂದರು. ಮಾತ್ರೆಯನ್ನು ಬೆಳಿಗ್ಗೆ ನಿಂಬೆಹಣ್ಣಿನ ಪಾನಕದಲ್ಲಿ ತೆಗೆದುಕೊಳ್ಳಲಿ, ಟೀ ಮತ್ತು ಎಲೆಯಡಿಕೆ ಎರಡು ಗಂಟೆ ಬಿಟ್ಟು ಆಗಲಿ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದರು. ಹೇಳಲಿಕ್ಕೆ ಯಾರಿಗೆ ಗೊತ್ತಿತ್ತು? ಆ ಮನೆಯಲ್ಲಿ ಎಲ್ಲರೂ ಬಳ್ಳಿಯ ಬಾಯಿಗೆ ಏನು ಹೋಗುತ್ತಿದೆ ಎಂದು ನೋಡಿದ್ದರೇ ಹೊರತು, ಮುದುಕಿಯ ಬಾಯಿಗೆ ಏನು, ಯಾವಾಗ ಹೋಗುತ್ತಿದೆ ಎಂದು ಒಬ್ಬರೂ ನೋಡಿರಲಿಲ್ಲ.

ಕಲ್ಲಮ್ಮ ಸುಲಭಕ್ಕೆ ಬಗ್ಗಲಿಲ್ಲ. ಅರವತ್ತು ವರ್ಷದ ಎಲೆಯಡಿಕೆಗೆ ಯಾರೋ ಹೊತ್ತು ಗೊತ್ತು ಮಾಡುವುದೆಂದರೇನು? ಕೊನೆಗೆ, ಬಳ್ಳಿ ಸುಣ್ಣ ಬಿಟ್ಟರೆ ತಾನೂ ಎರಡು ಗಂಟೆ ಬಿಡುವುದಾಗಿ ಒಪ್ಪಂದವಾಯಿತು. ಸಾಹೇಬರು ಅವತ್ತೇ ಬಳ್ಳಿಯನ್ನು ಕಿತ್ತು, ಬೇರು ತೊಳೆದು, ಹೊಸ ಕುಂಡದಲ್ಲಿ ಎಲೆಗೊಬ್ಬರದ ಮಣ್ಣು ತುಂಬಿ ನೆಟ್ಟರು. ಎತ್ತಿನ ಲಾಳವನ್ನು ಓಂಕಾರೇಶನ ಕೈಗೆ ಕೊಟ್ಟರು. ಅವನು ಸುಮ್ಮನೆ ಜೇಬಿಗೆ ಹಾಕಿಕೊಂಡ.

ಗುರುವಾರ ಗುರುವಾರ ಕಲ್ಲಮ್ಮ ಬಸ್ಸಿನಲ್ಲಿ ತರೀಕೆರೆಗೆ ಬರತೊಡಗಿದಳು, ರೋಗಿಯನ್ನು ನೋಡಿಕೊಂಡು ಹೋಗಲು. ಚಾಂದ್ ಬಿ ಬುಧವಾರವೇ ಅಟ್ಟದ ಪಾತ್ರೆ ಇಳಿಸುತ್ತಿದ್ದರು. ಒಂದು ತಿಂಗಳಿಗೆ ಬಳ್ಳಿಯ ತುದಿಯಲ್ಲಿ ಸುರುಳಿ ಬಿಚ್ಚಿದ ಎಲೆ ಪೂರ್ತಿ ಹಸಿರಾಗಿತ್ತು. ಎರಡು ತಿಂಗಳಿಗೆ ಕಲ್ಲಮ್ಮನ ಕೆಳರೆಪ್ಪೆಯಲ್ಲಿ ಕೆಂಪು ಕಂಡಿತು. ಸಾಹೇಬರು ಹಿಗ್ಗಿ, ದೀಪಾವಳಿಗೆ ಮೊದಲು ಬಳ್ಳಿಯನ್ನು ಮನೆಗೆ ಕಳಿಸುವುದೆಂದು ಓಂಕಾರೇಶನಿಗೆ ಹೇಳಿದರು. ಪುಸ್ತಕ ತೆರೆದು 'ಆಗಿದ್ದು' ಕಲಂನಲ್ಲಿ 'ಪೂರ್ಣ ಗುಣ' ಎಂದು ಬರೆಯಲು ಪೆನ್ನು ಇಟ್ಟಾಗ ಪಕ್ಕದಲ್ಲಿ ಕೂತಿದ್ದ ಕಲ್ಲಮ್ಮ ಅವರ ಮಣಿಕಟ್ಟು ಹಿಡಿದಳು.

"ಬರೀಬ್ಯಾಡಪ್ಪ."

"ಯಾಕಮ್ಮ? ವಾಸಿಯಾಗಿದೆ."

"ಆಗೈತೆ. ನಂಗೆ ಕಾಣಲ್ವಾ?" ಮುದುಕಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅವತ್ತು ಆಸ್ಪತ್ರೆಗೆ ಹೋಗೋವಾಗ ಹಂಗಂದೆ ನೋಡು, ಅದು ಒಣಗಿದ ದಿನ ನಾನೂ ಹೊರ್ಟೆ ಅಂತ. ಹಂಗನ್ನದಿದ್ರೆ ನಾನು ಬರೋವರ್ಗೂ ಅದಕ್ಕೆ ನೀರು ಯಾರು ಹಾಕ್ತಿದ್ರು? ಅದಕ್ಕೇ ಅಂದಿದ್ದು. ಹನ್ನೊಂದು ವರ್ಷ ಎಲ್ರೂ ಅದಕ್ಕೇ ಉಣ್ಣಿಸಿದ್ರು ಕಣಪ್ಪ. ಅದು ಇಲ್ಲಿಗೆ ಬಂದ್ಮೇಲೆ ಆ ಜಾಗ ಖಾಲಿಯಾತು. ಈಗ ನನ್ನ ಮಗ ಅಂಗಡಿಯಿಂದ ಮಧ್ಯಾಹ್ನ ಫೋನ್ ಮಾಡ್ತಾನೆ, ಅವ್ವಾ ಉಂಡ್ಯಾ, ಅಂತ. ಸೊಸೆ ಪಾನಕ ಮಾಡಿ ಮುಂದೆ ನಿಂತು ಕುಡಿಸ್ತಾಳೆ. ಇದು ಮನೆಗೆ ಬಂದ್ರೆ ಮತ್ತೆ ಎಲ್ರೂ ಇದರ ಮುಂದೆ ಹೋಗಿ ನಿಲ್ತಾರೆ."

ಸಾಹೇಬರು ತಲೆ ಎತ್ತಿದರು. ಅಡುಗೆಮನೆಯ ಬಾಗಿಲಲ್ಲಿ ಚಾಂದ್ ಬಿ ಚೊಂಬು ಹಿಡಿದು ನಿಂತಿದ್ದರು. ಆಕೆ ಪುಸ್ತಕದ ಕಡೆಗೇ ನೋಡುತ್ತಿದ್ದರು. ಆ ಎಮ್ಮೆ, ಅದರ ಯಜಮಾನ, ಮೂವತ್ತೊಂದು ವರ್ಷದ ರಿಜಿಸ್ಟರುಗಳು ಎಲ್ಲ ಸಾಹೇಬರ ಕಣ್ಣ ಮುಂದೆ ಬಂದು ಹೋದವು. ಕೊನೆಗೆ ಪುಟದ ತಲೆಯಲ್ಲಿ ತಾವೇ ಬರೆದಿದ್ದ 'ಒಳರೋಗಿ 7, ಕಲ್ಲಮ್ಮ, ಅಜ್ಜಂಪುರ' ಎಂಬುದನ್ನು ಇನ್ನೊಮ್ಮೆ ಓದಿದರು. ಅಲ್ಲಿ ಬಳ್ಳಿಯ ಹೆಸರೇ ಇರಲಿಲ್ಲ. ಅದರ ಕೆಳಗೆ ದಿನಾಂಕ ಹಾಕಿ, 'ಚೇತರಿಕೆ ನಿಧಾನ. ಇನ್ನೂ ಇಪ್ಪತ್ತೊಂದು ದಿನ ಇರಲಿ' ಎಂದು ಬರೆದರು.

ಈಗ ಆ ಇಪ್ಪತ್ತೊಂದು ದಿನಗಳು ಎರಡನೆಯ ಯುಗಾದಿ ಕಂಡಿವೆ. ಬಳ್ಳಿ ಕಿಟಕಿಯ ಸರಳು ಹಿಡಿದು ಏರಿ, ಗೋಡೆ ಸುತ್ತಿ, ಗಡಿಯಾರವನ್ನು ಮುಚ್ಚಿ, ವೆಂಟಿಲೇಟರಿನಿಂದ ಪಕ್ಕದ ಮನೆಗೂ ಹೋಗಿದೆ. ಎಲೆಗಳು ತಟ್ಟೆಯಷ್ಟಗಲ. ಓಂಕಾರೇಶ ಬಂದಾಗಲೆಲ್ಲ ಅದರ ಕೆಳಗೆ ತಲೆ ಬಗ್ಗಿಸಿ ನಿಂತು, "ಹೆಂಗೈತೆ ಡಾಕ್ಟ್ರೇ?" ಎಂದು ಆತಂಕದಿಂದ ಕೇಳುತ್ತಾನೆ. ನಜೀರ್ ಸಾಹೇಬರು ಮೇಲೆ ನೋಡದೆ ಪುಸ್ತಕ ತೆರೆಯುತ್ತಾರೆ.

"ಇನ್ನೂ ಸ್ವಲ್ಪ ನಿಶ್ಶಕ್ತಿ ಇದೆ," ಎನ್ನುತ್ತಾರೆ. "ನಿಮ್ಮವ್ವಂದು ಊಟ ಆಯ್ತಾ, ಕೇಳಿದ್ರಾ?"